ಎರಿಕ್ ಲಿಡೆಲ್: ಓಟ ಬಿಟ್ಟ ನಂತರದ ಇಪ್ಪತ್ತು ವರ್ಷಗಳು

ಪಿ.ಟಿ. ಮೇಷ್ಟ್ರು, ಹಾವೇರಿ

ನಮ್ಮ ಪ್ರೌಢಶಾಲೆಯ ಭಿತ್ತಿಪತ್ರಿಕೆಗೆ ಪ್ರತಿ ತಿಂಗಳೂ ಒಬ್ಬ ಕ್ರೀಡಾಪಟುವಿನ ಪರಿಚಯ ಬರೆಯುತ್ತೇನೆ. ಫೆಬ್ರುವರಿಗೆ ಸ್ಕಾಟ್ಲೆಂಡಿನ ಓಟಗಾರ ಎರಿಕ್ ಲಿಡೆಲ್ ಅವರನ್ನು ಆರಿಸಿಕೊಂಡಿದ್ದೇನೆ. ಅವರು ತೀರಿಕೊಂಡದ್ದು 1945ರ ಫೆಬ್ರುವರಿ 21ರಂದು. 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಓಟದ ಮೊದಲ ಸುತ್ತು ಭಾನುವಾರ ಬಂದಿತೆಂಬ ಕಾರಣಕ್ಕೆ, ದೇವರ ದಿನದಂದು ಓಡಲಾರೆನೆಂದು ಅದನ್ನು ಬಿಟ್ಟುಕೊಟ್ಟು, 400 ಮೀಟರ್ ಓಟವನ್ನು 47.6 ಸೆಕೆಂಡುಗಳಲ್ಲಿ ಗೆದ್ದ ಕಥೆ ಎಲ್ಲ ಕಡೆಯೂ ಸಿಗುತ್ತದೆ. ಮರುವರ್ಷವೇ ಚೀನಾಕ್ಕೆ ಹೋಗಿ ಮೇಷ್ಟರಾದವರ ಉಳಿದ ಬದುಕು ಮಾತ್ರ ಎರಡು ಸಾಲಿನಲ್ಲಿ ಮುಗಿದುಹೋಗುತ್ತದೆ. ನಾನೂ ಜಿಲ್ಲಾ ಮಟ್ಟದಲ್ಲಿ ಓಡಿ, ಆಮೇಲೆ ಮಕ್ಕಳಿಗೆ ಪಾಠ ಹೇಳಲು ಬಂದವನಾದ್ದರಿಂದ ಆ ಭಾಗವನ್ನೇ ಬರೆಯಬೇಕೆಂಬ ಆಸೆಯಿದೆ. ಅವರು ಎಂತಹ ಶಿಕ್ಷಕರಾಗಿದ್ದರು, ಮನೆಯವರೊಡನೆ ಹೇಗಿದ್ದರು ಎಂಬುದನ್ನು ತಿಳಿದವರು ದಯವಿಟ್ಟು ತಿಳಿಸಬೇಕು.

ಇತಿಹಾಸದ ಓದುಗ, ಮಂಗಳೂರು

ಮಾನ್ಯರೇ, ಮೊದಲಿಗೆ ಒಂದು ತಿದ್ದುಪಡಿ. ಹಡಗು ಹತ್ತುವ ಹೊತ್ತಿಗೆ ಅವರಿಗೆ ಭಾನುವಾರದ ಸುದ್ದಿ ತಿಳಿಯಿತು ಎಂಬುದು ಅವರ ಕಥೆಯನ್ನು ಹೇಳುವ ‘ಚಾರಿಯಟ್ಸ್ ಆಫ್ ಫೈರ್’ ಚಲನಚಿತ್ರದಿಂದ ಹರಡಿದ ಮಾತು. ವೇಳಾಪಟ್ಟಿ ಅವರಿಗೆ ತಿಂಗಳುಗಳ ಮೊದಲೇ ಗೊತ್ತಿತ್ತು. ಆದುದರಿಂದಲೇ 400 ಮೀಟರ್ ಓಟಕ್ಕೆ ಅಭ್ಯಾಸ ಮಾಡಲು ಕಾಲಾವಕಾಶ ಸಿಕ್ಕಿತು. ಮಕ್ಕಳಿಗೆ ಹೀಗೆಯೇ ಹೇಳುವುದು ಒಳ್ಳೆಯದು, ಏಕೆಂದರೆ ನಿಷ್ಠೆಯ ಹಿಂದೆ ಬೆವರೂ ಇತ್ತು.

ಚೀನಾಕ್ಕೆ ಹೋದದ್ದೆಂದರೆ ಅವರ ಮಟ್ಟಿಗೆ ಹುಟ್ಟೂರಿಗೆ ಮರಳಿದಂತೆ. ಮಿಷನರಿ ದಂಪತಿಯ ಮಗನಾಗಿ 1902ರಲ್ಲಿ ಅವರು ಹುಟ್ಟಿದ್ದು ಇಂದು ಟಿಯಾನ್‌ಜಿನ್ ಎಂದು ಕರೆಯುವ ನಗರದಲ್ಲಿ. ಎಡಿನ್‌ಬರೊ ವಿಶ್ವವಿದ್ಯಾಲಯದಲ್ಲಿ ವಿಜ್ಞಾನ ಪದವಿ ಪಡೆದು, ಸ್ಕಾಟ್ಲೆಂಡಿನ ಪರವಾಗಿ ಏಳು ರಗ್ಬಿ ಪಂದ್ಯಗಳನ್ನೂ ಆಡಿದ್ದ ಅವರು, 1925ರಲ್ಲಿ ಅದೇ ನಗರದ ಆಂಗ್ಲೋ-ಚೈನೀಸ್ ಕಾಲೇಜಿನಲ್ಲಿ ವಿಜ್ಞಾನದ ಅಧ್ಯಾಪಕರಾಗಿ ಸೇರಿ, ತರಗತಿ ಮುಗಿದ ಮೇಲೆ ಹುಡುಗರಿಗೆ ಆಟಗಳನ್ನು ಕಲಿಸುತ್ತಿದ್ದರು. ಆಗ ಅವರಿಗೆ ಇಪ್ಪತ್ತಮೂರು ವರ್ಷ, ಅಂದರೆ ಓಟಗಾರನ ಕಾಲುಗಳಲ್ಲಿ ಇನ್ನೂ ಕಸುವು ಉಳಿದಿದ್ದ ವಯಸ್ಸು. 1937ರ ಕೊನೆಯಲ್ಲಿ ನಗರವನ್ನು ಬಿಟ್ಟು, ಜಪಾನಿ ಸೇನೆಯ ಕಾಟದಿಂದ ನಲುಗುತ್ತಿದ್ದ ಶಾವ್‌ಚಾಂಗ್ ಎಂಬ ಹಳ್ಳಿಯಲ್ಲಿ ಕೆಲಸ ಮಾಡಲು ಹೋದರು. ಅಲ್ಲಿನ ಆಸ್ಪತ್ರೆಯಲ್ಲಿ ಅವರ ಅಣ್ಣ ವೈದ್ಯರಾಗಿದ್ದರು.

ರಸಾಯನಶಾಸ್ತ್ರ ಉಪನ್ಯಾಸಕಿ, ಮೈಸೂರು

ಸರ್, ಶಿಕ್ಷಕರಾಗಿ ಅವರು ಎಂತಹವರೆಂದು ಕೇಳಿದ್ದೀರಿ. ನನ್ನ ಮಟ್ಟಿಗೆ ಆ ಪ್ರಶ್ನೆಗೆ ಉತ್ತರ ವೈಶೀನ್ ಬಂಧನ ಶಿಬಿರದಲ್ಲಿದೆ. 1943ರ ಮಾರ್ಚ್‌ನಲ್ಲಿ ಜಪಾನೀಯರು ಅವರನ್ನು ಇತರ ವಿದೇಶೀಯರೊಡನೆ ಶಾಂಡೊಂಗ್ ಪ್ರಾಂತದ ಈ ಶಿಬಿರಕ್ಕೆ ಕಳುಹಿಸಿದರು. ಸುಮಾರು ಒಂದೂವರೆ ಸಾವಿರ ಜನ, ಅವರಲ್ಲಿ ತಂದೆತಾಯಿಯರಿಂದ ಬೇರ್ಪಟ್ಟು ಶಾಲೆಯ ಸಮೇತ ಸೆರೆಯಾದ ಮಕ್ಕಳು ಅನೇಕರು. ಪ್ರಯೋಗಾಲಯವಿಲ್ಲ, ಪಠ್ಯಪುಸ್ತಕವಿಲ್ಲ. ಲಿಡೆಲ್ ಉಪಕರಣಗಳ ಚಿತ್ರಗಳನ್ನು ಕೈಯಿಂದಲೇ ಬರೆದು, ರಸಾಯನಶಾಸ್ತ್ರದ ಟಿಪ್ಪಣಿಗಳನ್ನು ತಾವೇ ಸಿದ್ಧಪಡಿಸಿ, ಆ ಚಿತ್ರಗಳ ಮೇಲೆಯೇ ಪ್ರಯೋಗಗಳನ್ನು ವಿವರಿಸುತ್ತಿದ್ದರು. ಪ್ರಯೋಗಾಲಯದಲ್ಲಿ ಒಂದು ಬ್ಯೂರೆಟ್ ಒಡೆದರೆ ಪಾಠ ನಿಂತುಹೋಯಿತೆಂದು ಪರದಾಡುವ ನನಗೆ ಈ ಸಂಗತಿ ಬಹಳ ದೊಡ್ಡದಾಗಿ ಕಾಣುತ್ತದೆ. ಸಂಜೆಯ ಆಟಗಳೂ ಅವರದೇ ಹೊಣೆ. ಮುರಿದ ಹಾಕಿ ಸ್ಟಿಕ್ಕುಗಳಿಗೆ ಬಟ್ಟೆಯ ಪಟ್ಟಿಗಳನ್ನು ಬಿಗಿದು ಮತ್ತೆ ಆಟಕ್ಕೆ ಒದಗಿಸುತ್ತಿದ್ದರು. ಮಕ್ಕಳೆಲ್ಲರೂ ಅವರನ್ನು ಎರಿಕ್ ಅಂಕಲ್ ಎಂದೇ ಕರೆಯುತ್ತಿದ್ದರು.

ದೂರದ ಮಗಳು, ಟೊರಾಂಟೊ

ನಾನು ಇರುವ ಊರಿಗೂ ಆ ಕುಟುಂಬಕ್ಕೂ ಸಂಬಂಧವಿರುವುದರಿಂದ ಮನೆಯ ವಿಷಯ ಬರೆಯುತ್ತೇನೆ. ಪತ್ನಿ ಫ್ಲಾರೆನ್ಸ್ ಮೆಕೆಂಜಿ ಕೆನಡಾದ ಮಿಷನರಿಗಳ ಮಗಳು. ಆಕೆ ಟೊರಾಂಟೊದಲ್ಲಿ ನರ್ಸಿಂಗ್ ಕಲಿತು ಬರುವವರೆಗೆ ಲಿಡೆಲ್ ಕಾದರು. ಮದುವೆ ನಡೆದದ್ದು 1934ರಲ್ಲಿ. ಪೆಟ್ರೀಷಿಯಾ ಮತ್ತು ಹೆದರ್ ಹುಟ್ಟಿದ ಮೇಲೆ, ಯುದ್ಧ ಹತ್ತಿರವಾಗುತ್ತಿದ್ದ 1941ರಲ್ಲಿ, ಗರ್ಭಿಣಿಯಾಗಿದ್ದ ಹೆಂಡತಿಯನ್ನೂ ಇಬ್ಬರು ಹೆಣ್ಣುಮಕ್ಕಳನ್ನೂ ಕೆನಡಾಕ್ಕೆ ಕಳುಹಿಸಿ ತಾವು ಚೀನಾದಲ್ಲಿಯೇ ಉಳಿದರು. ಮೂರನೆಯ ಮಗಳು ಮೊರೀನ್ ಹುಟ್ಟಿದ್ದು ಟೊರಾಂಟೊದಲ್ಲಿ; ತಂದೆ ಅವಳ ಮುಖವನ್ನು ಒಮ್ಮೆಯೂ ನೋಡಲಿಲ್ಲ. ಶಿಬಿರದಿಂದ ರೆಡ್ ಕ್ರಾಸ್ ಮೂಲಕ ಕಳುಹಿಸಬಹುದಾಗಿದ್ದುದು ಇಪ್ಪತ್ತೈದು ಪದಗಳ ಸಂದೇಶ ಮಾತ್ರ.

ಇಲ್ಲಿ ನನಗೊಂದು ಸಂಕಟವಿದೆ, ಅದನ್ನು ಮುಚ್ಚಿಡಲಾರೆ. ಪರರ ಮಕ್ಕಳಿಗೆ ಆಸರೆಯಾದ ಮಹನೀಯರನ್ನು ಹೊಗಳುವಾಗ, ಮೂರು ಮಕ್ಕಳನ್ನು ನರ್ಸ್ ಕೆಲಸ ಮಾಡಿ ಸಾಕಿದ ಫ್ಲಾರೆನ್ಸ್ ಅವರನ್ನು ನಾವು ಮರೆತುಬಿಡುತ್ತೇವೆ. ಮಿದುಳಿನ ಗಡ್ಡೆಯಿಂದ ಗಂಡ ತೀರಿಕೊಂಡ ಸುದ್ದಿ ಆಕೆಯನ್ನು ತಲುಪಲು ಎರಡು ತಿಂಗಳಿಗೂ ಹೆಚ್ಚು ಕಾಲ ಹಿಡಿಯಿತು. ಸಾಯುವ ದಿನವೂ ಅವರು ಆಕೆಗೊಂದು ಕಾಗದ ಬರೆಸಿದ್ದರು. ತಮಗೆ ಏನಾಗಿದೆಯೆಂಬುದು ಅವರಿಗೇ ತಿಳಿದಿರಲಿಲ್ಲ, ಅತಿಯಾದ ದುಡಿಮೆಯಿಂದ ಬಂದ ಬಳಲಿಕೆಯೆಂದೇ ನಂಬಿದ್ದರು. ಭಿತ್ತಿಪತ್ರಿಕೆಯಲ್ಲಿ ಆ ತಾಯಿಯ ಹೆಸರೂ ಇರಲಿ.

ಪಿ.ಟಿ. ಮೇಷ್ಟ್ರು, ಹಾವೇರಿ

ಖಂಡಿತ ಇರುತ್ತದೆ, ಅಕ್ಕಾವ್ರೇ. ಮೂವರಿಗೂ ಋಣಿಯಾಗಿದ್ದೇನೆ. ಒಂದು ಸಂದೇಹ ಮಾತ್ರ ಉಳಿದಿದೆ: ಶಿಬಿರದಲ್ಲಿಯೂ ಅವರು ಭಾನುವಾರದ ನಿಯಮವನ್ನು ಹಾಗೆಯೇ ಪಾಲಿಸುತ್ತಿದ್ದರೆ? ಹುಡುಗರು ಈ ಪ್ರಶ್ನೆಯನ್ನು ಕೇಳಿಯೇ ಕೇಳುತ್ತಾರೆ.

ರಸಾಯನಶಾಸ್ತ್ರ ಉಪನ್ಯಾಸಕಿ, ಮೈಸೂರು

ಮೊದಮೊದಲು ಪಾಲಿಸುತ್ತಿದ್ದರು, ಭಾನುವಾರ ಆಟ ನಡೆಸಲು ಅವರು ಒಪ್ಪಲಿಲ್ಲ. ಆದರೆ ಒಂದು ಭಾನುವಾರ ಮಕ್ಕಳು ತಾವಾಗಿಯೇ ಹಾಕಿ ಆಡಲು ಇಳಿದು, ನೋಡಿಕೊಳ್ಳುವವರಿಲ್ಲದೆ ಆಟ ಹೊಡೆದಾಟಕ್ಕೆ ತಿರುಗಿತು. ಅದಾದ ಮೇಲೆ ಲಿಡೆಲ್ ಭಾನುವಾರವೂ ಮೈದಾನಕ್ಕೆ ಬಂದು ಮಕ್ಕಳ ಆಟಕ್ಕೆ ರೆಫರಿಯಾಗಿ ನಿಂತರು ಎಂದು ಶಿಬಿರದಲ್ಲಿದ್ದವರು ನೆನೆದಿದ್ದಾರೆ. ಒಲಿಂಪಿಕ್ ಪದಕಕ್ಕಾಗಿ ಸಡಿಲಿಸದ ನಿಯಮವನ್ನು ಅವರು ಆ ಮಕ್ಕಳಿಗಾಗಿ ಸಡಿಲಿಸಿದರು.