ಅಪ್‌ಡೇಟ್: ಕ್ಲೋರಿನ್ ಇದ್ದರೂ ಹಸಿರಾಗುತ್ತಿದ್ದ ಪೂಲ್ ನೀರು

ಕ್ಲೋರಿನ್ 3 ಪಿಪಿಎಂ (ಹತ್ತು ಲಕ್ಷ ಭಾಗ ನೀರಿಗೆ 3 ಭಾಗ), ಪಿಎಚ್ 7.6 ಇದ್ದರೂ 40,000 ಲೀಟರ್ ಪೂಲ್ ಯಾಕೆ ಹಸಿರಾಗುತ್ತಿದೆ ಎಂದು ಕೇಳಿದ್ದೆ. ಸಯನ್ಯೂರಿಕ್ ಆಮ್ಲ (ಬಿಸಿಲಿಗೆ ಕ್ಲೋರಿನ್ ಹಾಳಾಗದಂತೆ ಕಾಯುವ ರಾಸಾಯನಿಕ) ಅಳೆಯಿರಿ ಎಂದವರ ಮಾತೇ ಸರಿಯಾಯಿತು, ಧನ್ಯವಾದ.

ನೇರ ಪರೀಕ್ಷೆಯಲ್ಲಿ 100 ಬಂತು. ಆದರೆ ಮಬ್ಬಾದ ನೀರಲ್ಲಿ ತಳದ ಕಪ್ಪು ಚುಕ್ಕೆ ಎಲ್ಲಿ ಮರೆಯಾಗುತ್ತದೆ ಎಂದು ನೋಡುವ ಟ್ಯೂಬಿನ ಅಳತೆ ಅಲ್ಲಿಗೇ ಮುಗಿಯುತ್ತದೆ! ಪೂಲ್ ನೀರಿಗೆ ಅಷ್ಟೇ ನಲ್ಲಿ ನೀರು ಬೆರೆಸಿ ನೋಡಿದರೆ 80, ಅಂದರೆ ಅಸಲು 160. ನಾನು ಹಾಕುತ್ತಿದ್ದ ಟ್ರೈಕ್ಲೋರ್ ಎಂಬ ಕ್ಲೋರಿನ್ ಮಾತ್ರೆಗಳೇ ಕಾರಣ: ಪ್ರತಿ 10 ಪಿಪಿಎಂ ಕ್ಲೋರಿನ್ ಜೊತೆ ಸುಮಾರು 6 ಪಿಪಿಎಂ ಈ ಆಮ್ಲವೂ ಸೇರುತ್ತದೆ. ಅದು ಆವಿಯಾಗುವುದಿಲ್ಲ, ಫಿಲ್ಟರ್‌ನಲ್ಲೂ ನಿಲ್ಲುವುದಿಲ್ಲ. ಹೆಚ್ಚಾದಷ್ಟೂ ಕ್ಲೋರಿನ್‌ನ ಕೈ ಕಟ್ಟುತ್ತದೆ.

70% ನೀರು ಬದಲಿಸಿದ ಮೇಲೆ 50ಕ್ಕೆ ಇಳಿಯಿತು. (ಅಂತರ್ಜಲ ಮೇಲಿದ್ದಾಗ ಇಷ್ಟು ಖಾಲಿ ಮಾಡಬೇಡಿ, ತೊಟ್ಟಿಯೇ ಮೇಲೆದ್ದೀತು.) ಮೊದಲು ಪಿಎಚ್ 7.2ಕ್ಕೆ ತಂದೆ, ಏಕೆಂದರೆ ಕ್ಲೋರಿನ್ 10 ದಾಟಿದರೆ ಪಿಎಚ್ ಅಳೆಯುವ ದ್ರಾವಣವಾದ ಫೀನಾಲ್ ರೆಡ್‌ನ ಬಣ್ಣವನ್ನು ನಂಬುವಂತಿಲ್ಲ. ಆಮೇಲೆ ಸಂಜೆ, ಪಂಪ್ ಓಡುತ್ತಿರುವಾಗ, 10% ದ್ರವ ಕ್ಲೋರಿನ್ 8 ಲೀಟರ್ ಸುರಿದು 20 ಪಿಪಿಎಂಗೆ ಏರಿಸಿದೆ. ಗೋಡೆ ಉಜ್ಜುತ್ತಾ, ಇಳಿದಾಗಲೆಲ್ಲ ಮತ್ತೆ ಸೇರಿಸುತ್ತಾ ಹೋದೆ. ಈಗ ನೀರು ತಿಳಿಯಾಗಿದೆ, ರಾತ್ರಿಯಿಡೀ ಕ್ಲೋರಿನ್ ಇಳಿಯುವುದು 1 ಪಿಪಿಎಂಗಿಂತ ಕಡಿಮೆ, ಸಂಯುಕ್ತ ಕ್ಲೋರಿನ್ (ಕೊಳೆಯ ಜೊತೆ ಸೇರಿ ಶಕ್ತಿ ಕಳೆದುಕೊಂಡದ್ದು) 0.5ರ ಒಳಗೆ. ಮಾತ್ರೆ ನಿಲ್ಲಿಸಿ ದ್ರವ ಕ್ಲೋರಿನ್‌ನಿಂದಲೇ 4ರಿಂದ 6ರಲ್ಲಿ ಇಟ್ಟಿದ್ದೇನೆ.