ಅಪೆಲಿನ್ ಸರಿ ಇದೆ, ಎಲಾಬೆಲ ಮಾತ್ರ ಮಂಕು: ತಪ್ಪು ಎಲ್ಲಿ?

ಲ್ಯಾಬ್‌ಮೂಲೆ:
ಎಲ್ಲರಿಗೂ ನಮಸ್ಕಾರ. ಮೂರು ವಾರದಿಂದ ಇದರಲ್ಲೇ ಸಿಕ್ಕಿಹಾಕಿಕೊಂಡಿದ್ದೇನೆ. ಎಪಿಜೆ ರಿಸೆಪ್ಟರ್ (ಕೋಶದ ಮೇಲೆ ಸಂಕೇತ ಹಿಡಿಯುವ ಪ್ರೋಟೀನ್) ಇರುವ, ಲ್ಯಾಬ್‌ನಲ್ಲಿ ಬೆಳೆಸಿದ ಹ್ಯಾಮ್‌ಸ್ಟರ್‌ನ ಸಿಎಚ್‌ಒ ಕೋಶಗಳಿಗೆ ಫೋರ್ಸ್ಕೊಲಿನ್ ಎಂಬ ರಾಸಾಯನಿಕ ಕೊಟ್ಟು, ಕೋಶದೊಳಗೆ ಸಂಕೇತ ಒಯ್ಯುವ ಸಿಎಎಂಪಿ ಅಣುವನ್ನು ಏರಿಸುತ್ತೇನೆ. ಆ ರಿಸೆಪ್ಟರ್‌ಗೆ ಅಂಟುವ ಎರಡು ಪೆಪ್ಟೈಡ್‌ಗಳು (ಪುಟ್ಟ ಪ್ರೋಟೀನ್‌ಗಳು), ಅಪೆಲಿನ್-13 ಮತ್ತು ಎಲಾಬೆಲ-32, ಅದನ್ನು ಎಷ್ಟು ಇಳಿಸುತ್ತವೆ ಅಂತ ಅಳೆಯುತ್ತೇನೆ. ಎಲಾಬೆಲ ಅಷ್ಟೇ ಇಳಿಸಬೇಕಾದರೆ ಹತ್ತು ಪಟ್ಟು ಜಾಸ್ತಿ ಹಾಕಬೇಕು. ಎರಡನ್ನೂ ಒಂದೊಂದು ಮಿಲಿಗ್ರಾಂ ತೂಗಿ, ಒಂದೊಂದು ಎಂಎಲ್ ನೀರಲ್ಲಿ ಕರಗಿಸಿದ್ದೇನೆ. ಪೆಪ್ಟೈಡ್ ಹಾಳಾಗಿದೆಯಾ?

ಹಳೇಪಿಪೆಟ್:
ಮೊದಲು ಲೆಕ್ಕ ನೋಡಿ. ಅಪೆಲಿನ್-13ರ ಅಣುತೂಕ ಸುಮಾರು 1550, ಎಲಾಬೆಲ-32ರದು ಸುಮಾರು 3970. ಒಂದೇ ತೂಕ ತೆಗೆದುಕೊಂಡರೆ ಅಪೆಲಿನ್ ಅಣುಗಳು ಎರಡೂವರೆ ಪಟ್ಟು ಜಾಸ್ತಿ ಇರುತ್ತವೆ, ಅಲ್ವಾ? ನ್ಯಾನೋಮೋಲಾರ್‌ನಲ್ಲಿ (ಅಣುಗಳ ಎಣಿಕೆಯ ಲೆಕ್ಕದಲ್ಲಿ) ಹೋಲಿಸಿ. ಪೆಪ್ಟೈಡ್ ಜೊತೆಗೆ ಬಂದ ಕಾಗದದಲ್ಲಿ ನಿವ್ವಳ ಪೆಪ್ಟೈಡ್ ಎಷ್ಟು ಅಂತಲೂ ನೋಡಿ. ಟಿಎಫ್‌ಎ ಲವಣವಾಗಿದ್ದರೆ (ತಯಾರಿಕೆಯಲ್ಲಿ ಬಳಸಿದ ಆಮ್ಲ ಸೇರಿಕೊಂಡಿದ್ದರೆ) ತೂಗಿದ್ದೆಲ್ಲ ಪೆಪ್ಟೈಡ್ ಅಲ್ಲ.

ಹತ್ತು ಪಟ್ಟಿಗೆ ಇಷ್ಟೇ ಸಾಲದು. ಡೈಲ್ಯೂಷನ್ (ಹಂತಹಂತವಾಗಿ ತೆಳು ಮಾಡುವುದು) ಯಾವುದರಲ್ಲಿ ಮಾಡ್ತೀರಿ?

ಲ್ಯಾಬ್‌ಮೂಲೆ:
ಮಾಮೂಲಿ ಪ್ಲಾಸ್ಟಿಕ್ ಪ್ಲೇಟಿನಲ್ಲಿ, ಬರೀ ಬಫರ್‌ನಲ್ಲಿ. ಒಂದು ವಿಷಯ ಗಮನಿಸಿದೆ: ದೊಡ್ಡ ಡೋಸ್‌ಗಳಲ್ಲಿ ಎಲಾಬೆಲ ಪರವಾಗಿಲ್ಲ, ಸಣ್ಣ ಡೋಸ್‌ಗಳಲ್ಲಿ ಪೂರ್ತಿ ಮಾಯ.

ಹಳೇಪಿಪೆಟ್:
ಹಾಗಿದ್ದರೆ ಅದು ಪ್ಲಾಸ್ಟಿಕ್‌ಗೆ ಅಂಟುತ್ತಿದೆ. ಎಲಾಬೆಲ-32ರಲ್ಲಿ ಧನ ಚಾರ್ಜಿನ ಅಮೈನೋ ಆಮ್ಲಗಳಾದ ಆರ್ಜಿನೀನ್ ಏಳು, ಲೈಸೀನ್ ಎರಡು. ಅಷ್ಟು ಧನ ಚಾರ್ಜ್ ಇರುವುದು ಗೋಡೆಗೆ ಹಿಡಿದುಕೊಂಡು ಬಿಡುತ್ತದೆ. ಪ್ರತಿ ಹಂತದಲ್ಲೂ ಸ್ವಲ್ಪ ಸ್ವಲ್ಪ ಕಳೆದುಹೋಗಿ, ಪ್ಲೇಟಿನ ಕೊನೆಯ ಗುಳಿಗೆ ಬರುವಷ್ಟರಲ್ಲಿ ಏನೂ ಉಳಿದಿರುವುದಿಲ್ಲ. ಬಫರ್‌ಗೆ ಪ್ಲಾಸ್ಟಿಕ್ ಗೋಡೆಯನ್ನು ಮುಚ್ಚುವ ಹಸುವಿನ ರಕ್ತದ ಪ್ರೋಟೀನ್, ಶೇ. 0.1 ಬಿಎಸ್‌ಎ ಹಾಕಿ. ಲೋ-ಬೈಂಡ್ (ಕಡಿಮೆ ಅಂಟಿಸಿಕೊಳ್ಳುವ) ಟ್ಯೂಬ್ ಬಳಸಿ. ಪ್ರತಿ ಹಂತಕ್ಕೂ ಹೊಸ ಟಿಪ್. ಅಪೆಲಿನ್‌ಗೂ ಇದನ್ನೇ ಮಾಡಿ, ಇಲ್ಲದಿದ್ದರೆ ಹೋಲಿಕೆಗೆ ಅರ್ಥವಿಲ್ಲ.

ಜೀಬ್ರಾಮೀನು:
ದಯವಿಟ್ಟು ಎಲಾಬೆಲವನ್ನು ದುರ್ಬಲ ಅಂತ ಬರೆದುಬಿಡಬೇಡಿ. ಎಪಿಜೆ ಪತ್ತೆಯಾಗಿದ್ದು 1993ರಲ್ಲಿ, ಅಪೆಲಿನ್ 1998ರಲ್ಲಿ ಹಸುವಿನ ಜಠರದಿಂದ ಸಿಕ್ಕಿತು. ಆದರೂ ಒಗಟು ಉಳಿದಿತ್ತು. ಅಪೆಲಿನ್ ಇಲ್ಲದ ಇಲಿ ಬದುಕುತ್ತದೆ, ರಿಸೆಪ್ಟರ್ ಇಲ್ಲದ ಇಲಿಮರಿಗಳಲ್ಲಿ ಎಷ್ಟೋ ಹುಟ್ಟುವ ಮೊದಲೇ ಸಾಯುತ್ತವೆ. ಹಾಗಾದರೆ ಆ ರಿಸೆಪ್ಟರ್‌ಗೆ ಬೇರೆ ಯಾರೋ ಇರಬೇಕಲ್ಲ! 2013ರ ಕೊನೆಗೆ ಜೀಬ್ರಾಮೀನಿನಲ್ಲಿ ಎಲಾಬೆಲ ಸಿಕ್ಕಿತು. ಅದಿಲ್ಲದ ಮರಿಗಳಲ್ಲಿ ಹೃದಯವೇ ಸರಿಯಾಗಿ ಬೆಳೆಯುವುದಿಲ್ಲ. ಆ ಮರಿಗಳನ್ನು ಮೈಕ್ರೋಸ್ಕೋಪ್ ಕೆಳಗೆ ನೋಡಿದ ಮೇಲೆ ನನಗೆ ಈ ಪೆಪ್ಟೈಡ್ ಮೇಲೆ ಬೇರೆಯೇ ಗೌರವ.

ಲ್ಯಾಬ್‌ಮೂಲೆ:
ಬಿಎಸ್‌ಎ ಹಾಕಿ, ಮೋಲಾರ್ ಲೆಕ್ಕದಲ್ಲಿ ಮೂರು ಸಲ ಮಾಡಿದೆ. ಎಲಾಬೆಲದ ಡೋಸ್ ಗೆರೆ ಎಡಕ್ಕೆ, ಅಂದರೆ ಕಡಿಮೆ ಡೋಸ್ ಕಡೆಗೆ, ಸರಿದು ಅಪೆಲಿನ್ ಪಕ್ಕಕ್ಕೇ ಬಂದಿದೆ. ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಹಳೇ ಡೇಟಾ ಪೂರ್ತಿ ಬಿಟ್ಟು, ನಾಳೆಯಿಂದ ಹೊಸದಾಗಿ ಶುರು ಮಾಡುತ್ತೇನೆ.