ಪದಚರ್ಚೆ: ಮೂತ್ರಚೀಲಕ್ಕೆ ‘ಹರಡಿದೆ’ಯೋ, ಮೂತ್ರಚೀಲದಲ್ಲಿ ‘ಹುಟ್ಟಿದೆ’ಯೋ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ.

ಕಿಡ್ನಿಯಿಂದ ಮೂತ್ರ ಇಳಿಯುವ ನಾಳದಲ್ಲಿ ಕ್ಯಾನ್ಸರ್ ಆಗಿ, ಆ ಕಡೆಯ ಕಿಡ್ನಿಯನ್ನೇ ತೆಗೆಸಿಕೊಂಡವರಿಗೆ ಮನೆಗೆ ಹೊರಡುವಾಗ ಕೊಡುವ ಸೂಚನಾ ಹಾಳೆಯೊಂದು ಕನ್ನಡಕ್ಕೆ ಬರಬೇಕಿದೆ. ಇಂಗ್ಲಿಷ್ ಮೂಲದಲ್ಲಿ ‘ರಿಕರೆನ್ಸ್’ (ರೋಗ ಮತ್ತೆ ಬರುವುದು) ಎಂಬ ಒಂದೇ ಪದ ಏಳು ಕಡೆ ಇದೆ. ಕರಡಿನಲ್ಲಿ ಅದು ಒಂದು ಕಡೆ ‘ಮರುಕಳಿಕೆ’, ಒಂದು ಕಡೆ ‘ಪುನರಾವರ್ತನೆ’, ಮತ್ತೊಂದು ಕಡೆ ‘ಹರಡುವಿಕೆ’ ಆಗಿದೆ. ತೊಡಕಿನ ವಾಕ್ಯ ಇದು: “ಶಸ್ತ್ರಚಿಕಿತ್ಸೆಯ ನಂತರ ರೋಗವು ಮೂತ್ರಕೋಶದಲ್ಲಿ ಪುನರಾವರ್ತನೆ ಹೊಂದುವ ಸಾಧ್ಯತೆ ಇರುತ್ತದೆ.” ಯಾವ ಪದ ಉಳಿಸಬೇಕು? ‘ಯುರೇಟರ್’, ‘ಯುರೆತ್ರಾ’ ಎರಡಕ್ಕೂ ‘ಮೂತ್ರನಾಳ’ ಎಂದೇ ಬರೆದಿರುವುದೂ ಸರಿ ಕಾಣುತ್ತಿಲ್ಲ.

ಉತ್ತರ 1 (ಮೂತ್ರರೋಗ ಶಸ್ತ್ರಚಿಕಿತ್ಸೆಯ ಕಡೆಯಿಂದ)

ಮೊದಲು ಜಾಗದ ಹೆಸರುಗಳನ್ನು ಸರಿಮಾಡಿಕೊಳ್ಳಿ. ಕಿಡ್ನಿಯಿಂದ ಚೀಲಕ್ಕೆ ಇಳಿಯುವ, ಸುಮಾರು 25 ಸೆಂ.ಮೀ. ಉದ್ದದ ಕೊಳವೆ (ಯುರೇಟರ್) ‘ಮೂತ್ರನಾಳ’. ಚೀಲದಿಂದ ಹೊರಕ್ಕೆ ಬರುವುದು (ಯುರೆತ್ರಾ) ‘ಮೂತ್ರದ ಹೊರನಾಳ’. ‘ಮೂತ್ರಕೋಶ’ವನ್ನು ಕೆಲವರು ಕಿಡ್ನಿಗೂ ಹೇಳುವುದರಿಂದ, ಒಂದು ಕಿಡ್ನಿ ಕಳೆದುಕೊಂಡವರ ಹಾಳೆಯಲ್ಲಿ ಅದನ್ನು ಬಳಸಲೇಬೇಡಿ. ‘ಮೂತ್ರಚೀಲ’ ಎಂದರೆ ಗೊಂದಲವಿಲ್ಲ.

ಕಿಡ್ನಿಯೊಳಗಿನ ಆಲಿಕೆಯಂಥ ಭಾಗ, ಮೂತ್ರನಾಳ, ಮೂತ್ರಚೀಲ ಇಷ್ಟಕ್ಕೂ ಒಳಗೆ ಒಂದೇ ಬಗೆಯ ಹಾಸು. ಈ ಕ್ಯಾನ್ಸರ್ ಹುಟ್ಟುವುದು ಆ ಹಾಸಿನಲ್ಲಿ. ಆದ್ದರಿಂದಲೇ ಶಸ್ತ್ರಚಿಕಿತ್ಸೆಯಲ್ಲಿ ಕಿಡ್ನಿ, ಪೂರ್ತಿ ಮೂತ್ರನಾಳ, ನಾಳ ಚೀಲವನ್ನು ಸೇರುವ ಕಡೆ ಚೀಲದ ಗೋಡೆಯದೊಂದು ಬಳೆಯಷ್ಟು ಭಾಗ, ಮೂರನ್ನೂ ಒಟ್ಟಿಗೆ ತೆಗೆಯುತ್ತಾರೆ. ನಾಳದ ತುದಿ ಉಳಿದರೆ ಗಡ್ಡೆ ಅಲ್ಲೇ ಮತ್ತೆ ಏಳಬಹುದು.

ಇಷ್ಟು ಮಾಡಿದರೂ 100 ಜನರಲ್ಲಿ 22ರಿಂದ 47 ಮಂದಿಗೆ ಮೂತ್ರಚೀಲದಲ್ಲಿ ಗಡ್ಡೆ ಕಾಣಿಸಿಕೊಳ್ಳುತ್ತದೆ. ಕಾರಣ ಎರಡು. ಮೇಲಿನ ಗಡ್ಡೆಯಿಂದ ಕಳಚಿದ ಜೀವಕೋಶಗಳು ಮೂತ್ರದೊಡನೆ ಇಳಿದು ಚೀಲದ ಗೋಡೆಗೆ ಅಂಟಿ ಬೆಳೆಯಬಹುದು. ಇಲ್ಲವೇ ತಂಬಾಕಿನಂಥ ಕಾರಣದಿಂದ ಇಡೀ ಹಾಸೇ ಮೊದಲೇ ಕೆಟ್ಟಿರಬಹುದು. ಮೊದಲನೆಯದನ್ನು ತಡೆಯಲು ಶಸ್ತ್ರಚಿಕಿತ್ಸೆ ಶುರುವಾದ ಕೂಡಲೇ ಗಡ್ಡೆಯ ಕೆಳಗೆ ನಾಳಕ್ಕೆ ಕ್ಲಿಪ್ ಹಾಕುತ್ತಾರೆ. ಶಸ್ತ್ರಚಿಕಿತ್ಸೆಗೆ ಮೊದಲು ನಾಳದೊಳಗೆ ದುರ್ಬೀನು ತೂರಿಸಿ ನೋಡಿದ್ದರೆ ಚೀಲದಲ್ಲಿ ಗಡ್ಡೆ ಬರುವ ಸಂಭವ ಹೆಚ್ಚು.

ಇನ್ನೊಂದು ತಡೆ, ಚೀಲಕ್ಕೆ ಒಂದೇ ಸಲ ಬಿಡುವ ಮೈಟೊಮೈಸಿನ್ ಎಂಬ ಕ್ಯಾನ್ಸರ್ ಔಷಧಿ, 40 ಮಿ.ಗ್ರಾಂ. ಬ್ರಿಟನ್ನಿನಲ್ಲಿ ನಡೆದು 2011ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಮೊದಲ ವರ್ಷ ಚೀಲದಲ್ಲಿ ಗಡ್ಡೆ ಬಂದವರು ಔಷಧಿ ಇಲ್ಲದೆ 100ಕ್ಕೆ 27, ಔಷಧಿ ಪಡೆದವರಲ್ಲಿ 17. ಚೀಲದ ಹೊಲಿಗೆ ಕೂಡಿದೆಯೇ ಎಂದು ಬಣ್ಣದ ದ್ರವ ಬಿಟ್ಟು ಎಕ್ಸ್-ರೇಯಲ್ಲಿ ನೋಡಿಕೊಂಡ ಮೇಲೆ ಕೊಡುವುದು ಕ್ಷೇಮ. ಸೋರಿ ಹೊಟ್ಟೆಯೊಳಗೆ ಹೋದರೆ ಅಲ್ಲಿನ ಭಾಗಗಳನ್ನು ಸುಡುತ್ತದೆ. ಔಷಧಿ ನೀಲಿ-ನೇರಳೆ ಬಣ್ಣದ್ದು, ಅಂದು ಮೂತ್ರವೂ ಹಾಗೇ ಹೋಗಬಹುದು. ಹಾಳೆಯಲ್ಲಿ ಇದನ್ನು ಬರೆಯಿರಿ, ಇಲ್ಲವಾದರೆ ಗಾಬರಿಯಾಗುತ್ತಾರೆ. ಅಂದು ಗಂಡಸರೂ ಕೂತೇ ಮೂತ್ರ ಮಾಡಬೇಕು, ಸಿಡಿದ ಕಡೆ ಸೋಪು ಹಾಕಿ ತೊಳೆಯಬೇಕು; ಚರ್ಮಕ್ಕೆ ತಾಗಿದರೆ ಗಂಧೆ ಏಳುತ್ತದೆ.

ಚೀಲದ್ದು ಬಹುಪಾಲು ಮೇಲ್ಪದರದ ಗಡ್ಡೆ, ದುರ್ಬೀನಿನ ಮೂಲಕವೇ ಕೆರೆದು ತೆಗೆಯಬಹುದು. ಕಿಡ್ನಿ ಇದ್ದ ಜಾಗದಲ್ಲೋ ಸುತ್ತಲ ದುಗ್ಧಗ್ರಂಥಿಗಳಲ್ಲೋ ಬಂದರೆ ಅದು ಬೇರೆ ಮಾತು. ಶ್ವಾಸಕೋಶ, ಯಕೃತ್ತು, ಮೂಳೆ ಸೇರಿದರೆ ಇನ್ನೂ ಬೇರೆ. ಇನ್ನೊಂದು ಕಿಡ್ನಿಯ ಕಡೆ ಬರುವುದು 100ಕ್ಕೆ 2ರಿಂದ 6. ಈಶ್ವರಿ ಬಳ್ಳಿಯ ಜಾತಿಯ ಗಿಡಗಳಲ್ಲಿರುವ ಅರಿಸ್ಟೊಲೊಕಿಕ್ ಆಮ್ಲ ದೇಹ ಸೇರಿದ್ದವರಲ್ಲಿ ಇದು ಹೆಚ್ಚು. ಈ ನಾಲ್ಕನ್ನೂ ಮೂಲದವರು ‘ರಿಕರೆನ್ಸ್’ ಎಂದೇ ಬರೆಯಬಲ್ಲರು. ಕನ್ನಡದಲ್ಲಿ ಒಂದೇ ಪದ ಹಾಕಿದರೆ ಕೆರೆದು ತೆಗೆಯಬಹುದಾದ ಗಡ್ಡೆಯೂ ಮೂಳೆಗೆ ಹೋದ ರೋಗವೂ ಒಂದೇ ಎಂದಾಗಿ ಓದುವವರು ಕೈಚೆಲ್ಲುತ್ತಾರೆ.

ಉತ್ತರ 2 (ಭಾಷೆಯ ಕಡೆಯಿಂದ)

‘ಪುನರಾವರ್ತನೆ’ ಬಿಡಿ. ಅದು ಪಾಠಕ್ಕೆ, ತಪ್ಪಿಗೆ, ಮಾತಿಗೆ ಹೊಂದುವ ಪದ; ರೋಗ ‘ಪುನರಾವರ್ತನೆ ಹೊಂದಿತು’ ಎಂದು ಯಾರ ಬಾಯಲ್ಲೂ ಬರುವುದಿಲ್ಲ. ‘ಮರುಕಳಿಸು’ ಕಾಯಿಲೆಗೆ ಮೊದಲಿಂದಲೂ ಒಗ್ಗಿದ ಕ್ರಿಯಾಪದ. ‘ಜ್ವರ ಮರುಕಳಿಸಿತು’ ಎಂದರೆ ತಗ್ಗಿದ್ದ ಅದೇ ಜ್ವರ ಮತ್ತೆ ಏರಿತು ಎಂದೇ ಅರ್ಥ. ಹಾಗಾಗಿ ಕಿಡ್ನಿ ಇದ್ದ ಜಾಗದಲ್ಲೇ ಬಂದದ್ದಕ್ಕೆ ಅದು ಒಪ್ಪುತ್ತದೆ. ಆದರೆ ನಾಮಪದ ಮಾಡಬೇಡಿ: ‘ಮರುಕಳಿಸುವಿಕೆಯ ಸಾಧ್ಯತೆ’ಗಿಂತ ‘ಮರುಕಳಿಸಬಹುದು’ ನೇರ.

ಮೂತ್ರಚೀಲದ ವಿಚಾರದಲ್ಲಿ ನಿಜವಾದ ಕೆಲಸ ವಿಭಕ್ತಿಯದ್ದು. ‘ಮೂತ್ರಚೀಲಕ್ಕೆ’ ಎಂದು ಚತುರ್ಥಿ ಹಾಕಿದ ಕೂಡಲೇ ಮುಂದಿನ ಕ್ರಿಯಾಪದ ‘ಹರಡಿದೆ’ ಎಂದೇ ಆಗುತ್ತದೆ, ಕೇಳಿದವರ ಎದೆ ಒಡೆಯುತ್ತದೆ. ‘ಮೂತ್ರಚೀಲದಲ್ಲಿ’ ಎಂದು ಸಪ್ತಮಿ ಹಾಕಿದರೆ ‘ಹುಟ್ಟಿದೆ’, ‘ಕಾಣಿಸಿಕೊಂಡಿದೆ’ ತಾವಾಗಿ ಬರುತ್ತವೆ. ‘ಹರಡು’ವನ್ನು ಶ್ವಾಸಕೋಶ, ಯಕೃತ್ತು, ಮೂಳೆಗಳಿಗೆ ಮೀಸಲಿಡಿ. ಜೀವಕೋಶ ಇಳಿದು ಅಂಟುವುದಕ್ಕೆ ‘ಬೀಜ ಬಿದ್ದು ಮೊಳೆತಂತೆ’ ಎಂದರೆ ತಿಳಿಯುತ್ತದೆ.

ನನ್ನ ಸಲಹೆ: “ಕಿಡ್ನಿ, ಮೂತ್ರನಾಳ ತೆಗೆದ ಮೇಲೂ ಮೂತ್ರಚೀಲದಲ್ಲಿ ಹೊಸದಾಗಿ ಗಡ್ಡೆ ಹುಟ್ಟಬಹುದು. ಬೇಗ ಕಂಡರೆ ದುರ್ಬೀನಿನ ಮೂಲಕ ತೆಗೆಯಬಹುದು.”

ಉತ್ತರ 1ರವರಿಂದ ಮತ್ತೆ

ವಾಕ್ಯ ಚೆನ್ನಾಗಿದೆ. ‘ಗಡ್ಡೆ’ ಎಂದಾಗ ಮಾತ್ರ ಕೈಗೆ ಸಿಗುವ ಗಂಟೆಂದುಕೊಳ್ಳುತ್ತಾರೆ. ಇದು ಕೈಗೆ ಸಿಗುವುದಿಲ್ಲ, ನೋವೂ ಇರುವುದಿಲ್ಲ. ಹಾಗಾಗಿ ಕೆಳಗೇ ಸೇರಿಸಿ: “ನೋವಿಲ್ಲದೆ ಮೂತ್ರ ಕೆಂಪಾಗಿ ಹೋದರೆ, ಒಂದೇ ಸಲ ಹೋಗಿ ನಿಂತರೂ, ಉಷ್ಣವೆಂದು ಎಳನೀರು ಕುಡಿದು ಕಾಯದೆ ಬನ್ನಿ.” ತಪಾಸಣೆಯ ಸಾಲಿನಲ್ಲಿ ‘ನಿಯಮಿತವಾಗಿ’ ಎಂದಿದ್ದರೆ ತೆಗೆದು ಲೆಕ್ಕ ಬರೆಯಿರಿ. ಅಪಾಯ ಹೆಚ್ಚಿರುವವರಿಗೆ ಚೀಲದ ದುರ್ಬೀನು ಪರೀಕ್ಷೆ ಮೊದಲ ಎರಡು ವರ್ಷ ಮೂರು ತಿಂಗಳಿಗೊಮ್ಮೆ, ಐದನೇ ವರ್ಷದವರೆಗೆ ಆರು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ. ಸಿ.ಟಿ. ಎರಡು ವರ್ಷ ಆರು ತಿಂಗಳಿಗೊಮ್ಮೆ, ನಂತರ ವರ್ಷಕ್ಕೊಮ್ಮೆ. ಉಳಿದಿರುವುದು ಒಂದೇ ಕಿಡ್ನಿ, ಆದ್ದರಿಂದ ಸಿ.ಟಿ.ಗೆ ಮೊದಲು ಕ್ರಿಯಾಟಿನಿನ್ (ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಎಂದು ತಿಳಿಸುವ ರಕ್ತಪರೀಕ್ಷೆ) ನೋಡಿಸಬೇಕೆಂಬುದೂ ಅದೇ ಸಾಲಿನಲ್ಲಿರಲಿ.